ಗ್ರಹಣದ ದಿನ ಹಾಕಿದ ಗಂಟು

ಗುರುವಾರ ಬಂತೆಂದರೆ ನಿಂಗಕ್ಕ ಬೆಳಗಿನಿಂದಲೇ ಬೀದಿಯ ತಲೆಯ ಕಡೆ ಕಣ್ಣಿಡುತ್ತಿದ್ದಳು. ಗುರುವಾರ ಸೂಜಿಯ ದಿನ. ಮೊಳಕಾಲ್ಮೂರಿನ ನೇಕಾರರ ಬೀದಿಯ ಕೊನೆಯಲ್ಲಿದ್ದ ಅಂಗನವಾಡಿಗೆ ನರ್ಸಮ್ಮ ಐಸ್ ಡಬ್ಬಿ ಹಿಡಿದು ಬರುತ್ತಿದ್ದಳು. ಅದಕ್ಕೆ ಒಂದು ಗಂಟೆ ಮುಂಚೆ ಆಶಾ ಕಾರ್ಯಕರ್ತೆ ಜ್ಯೋತಿಲಕ್ಷ್ಮಿ ಪಟ್ಟಿ ಹಿಡಿದು ಮನೆಮನೆ ಸುತ್ತುತ್ತಿದ್ದಳು. ಆ ಪಟ್ಟಿಯಲ್ಲಿ ನಿಂಗಕ್ಕನ ಮೊಮ್ಮಗಳು ತೇಜಶ್ರೀಯ ಹೆಸರಿನ ಕೆಳಗೆ ಕೆಂಪು ಗೆರೆ ಬಿದ್ದಿತ್ತು. ಒಂಬತ್ತು ತಿಂಗಳಿಗೆ ಹಾಕಿಸಬೇಕಿದ್ದ ದಡಾರದ ಸೂಜಿ ಅದು. ಮಗುವಿಗೆ ಹತ್ತು ತುಂಬಿ ಹನ್ನೊಂದು ನಡೆಯುತ್ತಿತ್ತು.

ಆ ಗುರುವಾರವೂ ನಿಂಗಕ್ಕ ಜಗಲಿಯ ಮೇಲೆ ರಾಟೆ ಇಟ್ಟುಕೊಂಡು, ಲಾಳಿಯೊಳಗೆ ಕೂರುವ ಕಂಡಿಕೆಗೆ ರೇಷ್ಮೆ ಸುತ್ತುತ್ತಿದ್ದಳು. ಒಳಗೆ ಮಗ ಮುರುಗೇಶ್ ಗುಂಡಿಮಗ್ಗದಲ್ಲಿ ಕಾಲಿಳಿಸಿ ಕೂತಿದ್ದ. ಲಾಳಿ ಆ ಕಡೆಗೂ ಈ ಕಡೆಗೂ ಓಡುವ ಸದ್ದು ಬೀದಿಗೆ ಕೇಳುತ್ತಿತ್ತು. ಮೂರು ವರ್ಷದ ಮೊಮ್ಮಗ ಮಾರುತಿ ರಾಟೆಯ ಚಕ್ರಕ್ಕೆ ಒಂದು ಗೇಣು ದೂರದಲ್ಲಿ, ತನ್ನ ಜಾಗದಲ್ಲಿ, ಕೂತು ತಿರುಗುವ ಕಡ್ಡಿಗಳನ್ನು ನೋಡುತ್ತಿದ್ದ. ಅವನು ಮಾತಾಡುತ್ತಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ರಾಟೆ ನಿಂತರೆ ಮಾತ್ರ ಕಿರುಚುತ್ತಿದ್ದ, ಅದಕ್ಕೇ ನಿಂಗಕ್ಕ ಬೇಕಿಲ್ಲದಿದ್ದರೂ ಸುತ್ತುತ್ತಿದ್ದಳು.

"ಅಮ್ಮಾ, ಈ ಸಲನಾದ್ರೂ ಕೂಸನ್ನ ಕಳ್ಸಿಕೊಡ್ರಿ," ಎಂದಳು ಜ್ಯೋತಿಲಕ್ಷ್ಮಿ, ಜಗಲಿಯ ಕೆಳಗೇ ನಿಂತು. "ಕೆಳಗಿನ ಬೀದ್ಯಾಗೆ ಇಬ್ರು ಮಕ್ಕಳಿಗೆ ದಡಾರ ಎದ್ದೈತೆ."

"ಒಬ್ಬನ್ನ ಕೊಟ್ಟಿದ್ದು ಸಾಲ್ದೇನವ್ವ ನಿಂಗೆ?" ನಿಂಗಕ್ಕ ರಾಟೆಯಿಂದ ಕಣ್ಣೆತ್ತದೆ ಕೇಳಿದಳು.

ಈ ಮಾತನ್ನು ಜ್ಯೋತಿಲಕ್ಷ್ಮಿ ಎಷ್ಟೋ ಗುರುವಾರ ಕೇಳಿದ್ದಳು. ಬಾಗಿಲ ಹಿಂದೆ ಮಗುವನ್ನು ಎತ್ತಿಕೊಂಡು ನಿಂತಿದ್ದ ಸೊಸೆ ಸೌಂದರ್ಯಳನ್ನು ಒಮ್ಮೆ ನೋಡಿ ಮುಂದಿನ ಮನೆಗೆ ಹೋದಳು.

ಸೂಜಿಯ ಬಗ್ಗೆ ನಿಂಗಕ್ಕನ ಹತ್ತಿರ ಒಂದು ಕಥೆ ಇತ್ತು, ಬೀದಿಗೆಲ್ಲ ಅದು ಬಾಯಿಪಾಠ. ಮಾರುತಿಗೆ ಒಂದೂವರೆ ವರ್ಷದ ಸೂಜಿ ಹಾಕಿಸಿದರು, ಅವತ್ತೇ ಜ್ವರ ಬಂತು, ಮೂರನೇ ದಿನಕ್ಕೆ ಹುಡುಗನ ಬಾಯಿ ಕಟ್ಟಿಹೋಯಿತು. ಮೊದಲ ಸಲ ಹೇಳಿದಾಗ ಹುಡುಗ ಸೂಜಿಗೆ ಮುಂಚೆ 'ಅವ್ವ' ಅನ್ನುತ್ತಿದ್ದ, ಅಷ್ಟೆ. ಎರಡನೇ ಸಲಕ್ಕೆ 'ಅಜ್ಜಿ'ಯೂ ಸೇರಿತು. ಆರು ತಿಂಗಳು ಕಳೆಯುವಷ್ಟರಲ್ಲಿ ಕಥೆಯೊಳಗಿನ ಮಾರುತಿ ಬೀದಿಯ ಎಮ್ಮೆಗಳನ್ನೆಲ್ಲ ಹೆಸರು ಹಿಡಿದು ಕರೆಯುವ ಮಾತಿನಮಲ್ಲನಾಗಿದ್ದ. ಅದೇ ಹೊತ್ತಿಗೆ ಮೊಬೈಲುಗಳಲ್ಲಿ ಯಾರೋ ಕೋಟು ಹಾಕಿಕೊಂಡವನು ಸೂಜಿಯಿಂದಲೇ ಮಕ್ಕಳು ಮೂಕರಾಗುತ್ತಾರೆ ಎಂದು ಕೈಯಾಡಿಸುತ್ತ ಹೇಳುವ ವಿಡಿಯೋ ಹರಿದಾಡಿತು. ನಿಂಗಕ್ಕನ ಮಾತಿಗೆ ಮೊದಲೇ ತೂಕವಿತ್ತು, ಈಗ ಸಾಕ್ಷಿಯೂ ಸಿಕ್ಕಿತು. ಬೀದಿಯ ಆರು ಮನೆಗಳು ಮಕ್ಕಳಿಗೆ ಸೂಜಿ ಹಾಕಿಸುವುದನ್ನೇ ಬಿಟ್ಟವು.

ಆ ಕಥೆಯನ್ನು ನಿಂಗಕ್ಕ ಇಷ್ಟು ಚೆಂದವಾಗಿ ಹೇಳಲು ಒಂದು ಕಾರಣವಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಮಾರುತಿ ಸೌಂದರ್ಯಳ ಹೊಟ್ಟೆಯಲ್ಲಿ ಐದು ತಿಂಗಳಿದ್ದಾಗ ದೀಪಾವಳಿ ಅಮಾವಾಸ್ಯೆಯ ದಿನವೇ ಸೂರ್ಯಗ್ರಹಣ ಹಿಡಿಯಿತು. ಸಂಜೆ ಐದು ಗಂಟೆ ಸುಮಾರಿಗೆ ಹಿಡಿದ ಗ್ರಹಣ ಬಿಡುವ ಮುಂಚೆಯೇ ಹೊತ್ತು ಮುಳುಗಿತು. ಅಂಥ ಹೊತ್ತಿನಲ್ಲಿ ಬಸುರಿ ಕತ್ತರಿ ಹಿಡಿಯಬಾರದು, ಗಂಟು ಹಾಕಬಾರದು, ಕಾಲು ಚಾಚಿ ನೆಟ್ಟಗೆ ಮಲಗಿರಬೇಕು. ನಿಂಗಕ್ಕನ ಅತ್ತೆ ಹೇಳುತ್ತಿದ್ದಳು: ಗ್ರಹಣದಲ್ಲಿ ಹಾಕಿದ ಗಂಟು ಹುಟ್ಟುವ ಕೂಸಿನ ನಾಲಿಗೆಗೆ ಬೀಳುತ್ತದೆ ಎಂದು. ಆದರೆ ಆ ವಾರ ರಾಯದುರ್ಗದ ಮದುವೆಗೆ ಸೀರೆಗಳನ್ನು ನೇಯ್ದು ಕೊಡಬೇಕಿತ್ತು. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳ ಹಳೆಯ ಹಾಸು ಮುಗಿದಿತ್ತು, ಹೊಸ ಹಾಸನ್ನು ಅದಕ್ಕೆ ಕೆಚ್ಚಬೇಕಿತ್ತು. ಅಂದರೆ ಮೂರು ಸಾವಿರಕ್ಕೂ ಮಿಕ್ಕ ಎಳೆಗಳನ್ನು ಒಂದೊಂದಾಗಿ ಹಳೆಯ ಎಳೆಗೆ ಗಂಟು ಹಾಕಿ ಜೋಡಿಸುವ ಕೆಲಸ. ಅದಕ್ಕೆ ಕಣ್ಣು ಬೇಕು, ಬೆರಳು ಬೇಕು. ನಿಂಗಕ್ಕನಿಗೆ ಕಣ್ಣು ಮಂಜಾಗಿತ್ತು. ಮುರುಗೇಶನ ಬೆರಳು ಬಾಳೆಕಾಯಿ. ಮನೆಯಲ್ಲಿ ಆ ಕೆಲಸಕ್ಕಿದ್ದವಳು ಸೌಂದರ್ಯ ಒಬ್ಬಳೇ.

"ಬಾಗ್ಲು ಹಾಕ್ಕೊಂಡು ಬಲ್ಬಿನ ಬೆಳಕ್ನಾಗೆ ಕೆಚ್ಚು. ಒಳಗೆ ಗ್ರಹಣ ಬೀಳಲ್ಲ," ಎಂದಿದ್ದಳು ನಿಂಗಕ್ಕ. ಹೇಳಿ, ತಾನು ಪಡಸಾಲೆಯಲ್ಲಿ ಜಪ ಹಿಡಿದು ಕೂತಿದ್ದಳು. ಬೆಳಿಗ್ಗೆ ಹಾಸು ಸಿದ್ಧವಾಗಿತ್ತು, ಒಂದು ಎಳೆಯೂ ಹರಿದಿರಲಿಲ್ಲ. "ಹೆಣ್ಣಿನ ಕೈ ಅಂದ್ರೆ ಇದು," ಎಂದು ಮುರುಗೇಶನಿಗೆ ತೋರಿಸಿ ಹೊಗಳಿದ್ದಳು.

ಮಾರುತಿ ಮಾತಾಡುವುದಿಲ್ಲ ಎಂದು ಗೊತ್ತಾದ ದಿನದಿಂದ ಆ ಮೂರು ಸಾವಿರ ಗಂಟುಗಳು ನಿಂಗಕ್ಕನ ಎದೆಯ ಮೇಲೆ ಕೂತಿದ್ದವು. ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿ ದೇವರ ಮುಂದೆ ತಪ್ಪೊಪ್ಪಿಕೊಳ್ಳಬೇಕೆಂದು ಹೋದಳು. ಮಗ ಪಕ್ಕದಲ್ಲೇ ಕೈಮುಗಿದು ನಿಂತಿದ್ದರಿಂದ ಮನಸ್ಸಿನೊಳಗೂ ಹೇಳಲಾಗದೆ ಕಾಯಿ ಒಡೆಸಿಕೊಂಡು ಇಳಿದು ಬಂದಳು. ಸೂಜಿಯ ಕಥೆ ಸಿಕ್ಕಿದ್ದು ಆಮೇಲೆ. ತಪ್ಪು ಸೂಜಿಯದಾದರೆ ತನ್ನದಲ್ಲ. ಆ ಕಥೆಯನ್ನು ಅವಳು ಒಂದು ದಿನವೂ ಕೆಳಗಿಡಲಿಲ್ಲ.

ಜ್ಯೋತಿಲಕ್ಷ್ಮಿ ಆ ಕಡೆ ಹೋಗುತ್ತಿದ್ದಂತೆ ಎದುರುಮನೆಯ ನೂರ್ ಬೀ ಮೊಮ್ಮಗಳು ಶಿಫಾಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ನೂರ್ ಬೀಯ ಮಗ ಇಮ್ರಾನ್ ಬಸ್‌ಸ್ಟ್ಯಾಂಡಿನ ಹತ್ತಿರ ಮೆಕ್ಯಾನಿಕ್. ಅವನ ಹೆಂಡತಿ ಮುಸರತ್ ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುತ್ತಿದ್ದಳು. ಮೂವತ್ತು ವರ್ಷದಿಂದ ಎರಡೂ ಮನೆಗಳ ನಡುವೆ ಕಾಫಿಪುಡಿಯ ಲೋಟ ಹೋಗಿ ಬರುತ್ತಿತ್ತು.

"ಎರಡು ದಿನದಿಂದ ಬುಖಾರ್ ಐತಕ್ಕ ಇದಕ್ಕೆ," ಎಂದು ನೂರ್ ಬೀ ಜಗಲಿಯ ಮೇಲೆ ಕೂತಳು. ಒಂದು ವರ್ಷ ಎರಡು ತಿಂಗಳಿನ ಶಿಫಾಳ ಕಣ್ಣು ಕೆಂಪಾಗಿ ಮೂಗು ಸುರಿಯುತ್ತಿತ್ತು. ಸೌಂದರ್ಯ ಕೆಳಗೆ ಬಿಟ್ಟ ತೇಜಶ್ರೀ ಅಂಬೆಗಾಲಿಟ್ಟು ಹೋಗಿ ಶಿಫಾಳ ಬಳೆ ಹಿಡಿದು ಜಗ್ಗಿದಳು. ಶಿಫಾ ಇವಳ ಕೂದಲು ಹಿಡಿದಳು. ಅಜ್ಜಿಯರಿಬ್ಬರೂ ನಕ್ಕರು.

ಮರುದಿನ ಶುಕ್ರವಾರ ಶಿಫಾಳ ಕಿವಿಯ ಹಿಂದೆ ಕೆಂಪು ಗಂದೆ ಎದ್ದು ಮುಖಕ್ಕೆಲ್ಲ ಹರಡಿತು. ನೂರ್ ಬೀ ಬೇವಿನ ಸೊಪ್ಪು ಕೇಳಲು ಬಂದಳು. ಮಧ್ಯಾಹ್ನಕ್ಕೆ ಮಗು ಉಸಿರೆಳೆಯಲು ಒದ್ದಾಡತೊಡಗಿ, ಇಮ್ರಾನ್ ರಿಪೇರಿಗೆ ಬಂದಿದ್ದ ಯಾರದೋ ಓಮ್ನಿಯಲ್ಲಿ ಎಲ್ಲರನ್ನೂ ಹತ್ತಿಸಿಕೊಂಡು ಚಳ್ಳಕೆರೆಯ ಆಸ್ಪತ್ರೆಗೆ ಓಡಿದ. ನಿಂಗಕ್ಕ ಜಗಲಿಯ ಮೇಲೆ ನಿಂತೇ ಇದ್ದಳು. ಶಿಫಾಳಿಗೆ ದಡಾರದ ಸೂಜಿ ಬಿದ್ದಿರಲಿಲ್ಲ, ಅದು ಯಾರ ಮಾತಿನಿಂದ ಎಂಬುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಳಗೆ ಹೋಗಿ ತೇಜಶ್ರೀಯ ಕಿವಿಯ ಹಿಂದೆ ನೋಡಿದಳು. ಏನೂ ಇರಲಿಲ್ಲ. ಅರ್ಧ ಗಂಟೆಗೊಮ್ಮೆ ನೋಡುತ್ತಲೇ ಇದ್ದಳು.

ಶನಿವಾರ ಮಾರುತಿಯನ್ನು ಚಳ್ಳಕೆರೆಗೆ ಕರೆದುಕೊಂಡು ಹೋಗುವುದೆಂದು ಸೌಂದರ್ಯ ತಿಂಗಳ ಹಿಂದೆಯೇ ಗೊತ್ತು ಮಾಡಿದ್ದಳು. ಅಲ್ಲಿಗೆ ವಾರಕ್ಕೊಮ್ಮೆ ಇಂಥ ಮಕ್ಕಳನ್ನು ನೋಡುವ ಡಾಕ್ಟರಮ್ಮ ಬರುತ್ತಿದ್ದಳು. ಮುರುಗೇಶ್ ಸೀರೆ ತಲುಪಿಸಲು ಹೋಗಬೇಕಾಗಿ ಬಂದು, ಜೊತೆಗೆ ಹೊರಡುವುದು ನಿಂಗಕ್ಕನ ಪಾಲಿಗೆ ಬಿತ್ತು. ಬೇಡ ಎನ್ನಲು ಅವಳಿಗೆ ನೂರು ಕಾರಣಗಳಿದ್ದವು. ಶಿಫಾಳನ್ನು ನೋಡದೆ ಇರಲಾರೆ ಎಂಬ ಒಂದೇ ಕಾರಣಕ್ಕೆ ಹೊರಟಳು.

ಬಸ್ಸಿನಲ್ಲಿ ಮಾರುತಿ ಕಿಟಕಿಯ ಸರಳಿಗೆ ಕೆನ್ನೆಯೊತ್ತಿ ಸುಮ್ಮನಿದ್ದ. ಬಿ.ಜಿ. ಕೆರೆಯಲ್ಲಿ ಡ್ರೈವರ್ ಉದ್ದಕ್ಕೆ ಹಾರನ್ ಒತ್ತಿದ್ದೇ, ಎರಡೂ ಕಿವಿ ಮುಚ್ಚಿಕೊಂಡು ಕಿರುಚತೊಡಗಿದ. ಬಸ್ಸಿಗೆ ಬಸ್ಸೇ ತಿರುಗಿತು. ಮುಂದಿನ ಸೀಟಿನಲ್ಲಿದ್ದ ಗಡಿ ಕಡೆಯ ಹೆಂಗಸೊಬ್ಬಳು, "ಏಮಮ್ಮಾ, ಪಿಲ್ಲೋಡು ಮಾಟ್ಲಾಡಲ್ವಾ?" ಎಂದು ಹುಡುಗನನ್ನು ತೋರಿಸಿ ಅರ್ಧ ತೆಲುಗಿನಲ್ಲಿ ಕೇಳಿದಳು.

"ಇನ್ನೂ ಇಲ್ಲರಿ," ಎಂದಳು ಸೌಂದರ್ಯ.

"ತಾಯಾದೋಳು ಮಾತಾಡಿಸ್ತಾ ಇರ್ಬೇಕಮ್ಮ. ಕೈಗೆ ಮೊಬೈಲ್ ಕೊಟ್ಟು ಕೂರಿಸಿದ್ರೆ ಹಿಂಗೇ ಆಗೋದು," ಎಂದಳು ಆ ಹೆಂಗಸು.

ಹಿಂದಿನಿಂದ ಒಬ್ಬ ಗಂಡಸು, ಬಸುರಿನಲ್ಲಿ ಚಿಂತೆ ಮಾಡಿದರೆ ಹೀಗಾಗುತ್ತದೆ ಎಂದ. ಇನ್ನೊಬ್ಬಳು ಗಿಣಿ ಕಚ್ಚಿದ ಹಣ್ಣು ತಿನ್ನಿಸಲು ಹೇಳಿದಳು. ಸೌಂದರ್ಯ ಎಲ್ಲದಕ್ಕೂ ತಲೆಯಾಡಿಸುತ್ತ, ಮಗನ ತಲೆಯನ್ನು ಎದೆಗೊತ್ತಿ ಹಿಡಿದು, ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳ ಕಣ್ಣು ತುಂಬಿದ್ದನ್ನು ನಿಂಗಕ್ಕ ನೋಡಿದಳು. ಮೊದಲಾಗಿದ್ದರೆ ತಟ್ಟನೆ ಸೂಜಿಯ ಕಥೆ ಬಿಚ್ಚಿ ಎಲ್ಲರ ಬಾಯಿ ಮುಚ್ಚಿಸುತ್ತಿದ್ದಳು. ಇವತ್ತು ತೊಡೆಯ ಮೇಲೆ ಮಲಗಿದ್ದ ತೇಜಶ್ರೀಯ ಕಿವಿಯ ಹಿಂದೆ ಮತ್ತೊಮ್ಮೆ ನೋಡಿ ಸುಮ್ಮನೆ ಕೂತಳು. ತಳಕು ದಾಟುವವರೆಗೂ ಯಾರೋ ಒಬ್ಬರು ಉಪದೇಶ ಹೇಳುತ್ತಲೇ ಇದ್ದರು.

ಡಾಕ್ಟರಮ್ಮ ಮೇಜಿನ ಹಿಂದೆ ಕೂರುವವಳಲ್ಲ. ಚಾಪೆಯ ಮೇಲೆ ಕೂತು ಮಾರುತಿಯ ಮುಂದೆ ಬುಗುರಿ ತಿರುಗಿಸಿದಳು, ಸೋಪಿನ ಗುಳ್ಳೆ ಊದಿದಳು, ಹೆಸರು ಹಿಡಿದು ಕರೆದಳು. ಅವನು ಬುಗುರಿಯನ್ನು ನೋಡಿದ, ಅವಳನ್ನು ನೋಡಲಿಲ್ಲ. ಬುಗುರಿ ನಿಂತಾಗ ಅವಳ ಕೈ ಹಿಡಿದೆಳೆದು ಬುಗುರಿಯ ಮೇಲಿಟ್ಟ. ಒಂದು ಗಂಟೆ ಆಡಿಸಿ, ಕೇಳಿ, ಬರೆದುಕೊಂಡ ಮೇಲೆ ಡಾಕ್ಟರಮ್ಮ, "ಇದಕ್ಕೆ ಆಟಿಸಂ ಅಂತಾರೆ," ಎಂದಳು. "ಇದು ಯಾವಾಗಿಂದ ನಿಮ್ಮ ಗಮನಕ್ಕೆ ಬಂತು?"

ಸೌಂದರ್ಯ ಅತ್ತೆಯ ಕಡೆ ನೋಡಿದಳು. ನಿಂಗಕ್ಕ ಬೇರೆ ದಾರಿಯಿಲ್ಲದೆ, "ಒಂದೂವರೆ ವರ್ಷದ ಸೂಜಿ ಹಾಕ್ಸಿದ ಮೇಲೆ," ಎಂದಳು. ಎಮ್ಮೆಗಳ ಹೆಸರು ಹೇಳಲಿಲ್ಲ.

"ಅದಕ್ಕಿಂತ ಹಿಂದಿನ ವಿಡಿಯೋ ಏನಾದ್ರೂ ಇದೆಯಾ? ನಾಮಕರಣ, ಹುಟ್ಟುಹಬ್ಬ?"

ಸೌಂದರ್ಯ ಫೋನು ತೆಗೆದಳು. ಹುಡುಕಲು ಅವಳಿಗೆ ಹೊತ್ತೇ ಹಿಡಿಯಲಿಲ್ಲ. ಮಾರುತಿಯ ಮೊದಲ ಹುಟ್ಟುಹಬ್ಬ. ಕೇಕಿನ ಮುಂದೆ ಹುಡುಗ ಕೂತಿದ್ದಾನೆ, ಮೇಲೆ ಕಟ್ಟಿದ ಬಣ್ಣದ ಚಕ್ರ ಫ್ಯಾನಿನ ಗಾಳಿಗೆ ತಿರುಗುತ್ತಿದೆ. ಅವನ ಕಣ್ಣು ಅದರ ಮೇಲೆ. 'ಮಾರುತೀ, ಇಲ್ನೋಡೋ, ಅಜ್ಜೀನ ನೋಡೋ' ಎಂದು ಒಂದು ದನಿ ಕರೆಯುತ್ತದೆ. ಒಂದು ಸಲ, ಎರಡು ಸಲ, ಆರು ಸಲ. ಚಪ್ಪಾಳೆ, ಗಿಲಕಿ, ಮತ್ತೆ ಕರೆ. ಹುಡುಗ ತಿರುಗುವುದಿಲ್ಲ. ಕೊನೆಗೆ ಅದೇ ದನಿ ನಗುತ್ತ ಅನ್ನುತ್ತದೆ: 'ಇವ್ನಿಗೇನು ಕಿವಿ ಕೇಳ್ಸಲ್ವೋ ಏನೋ, ಮುರುಗೇಶ.'

ದನಿ ನಿಂಗಕ್ಕನದೇ. ಸೂಜಿಗೆ ಆರು ತಿಂಗಳ ಮುಂಚಿನದು.

ಆ ಮಾತು ತಾನು ಆಡಿದ್ದು ನೆನಪಿರಲಿಲ್ಲ ಎಂದುಕೊಂಡಳು. ಕೂಡಲೇ ಅದೂ ಸುಳ್ಳೆಂದು ಗೊತ್ತಾಯಿತು. ನೆನಪಿತ್ತು. ಅದರ ಮೇಲೆ ಬೇರೆ ಮಾತು ಹೇರಿ ಮುಚ್ಚಿದ್ದಳು, ಅಷ್ಟೆ.

ಸೌಂದರ್ಯ ಸೆರಗಿನ ತುದಿ ಸುತ್ತುತ್ತ ಮೆಲ್ಲಗೆ ಕೇಳಿದಳು: "ಮಗ್ಗದ ಸದ್ದಿಗೆ ಹಿಂಗಾಗುತ್ತಾ ಮೇಡಂ? ನಾನು ಇವನ ತೊಟ್ಲು ಮಗ್ಗದ ಪಕ್ಕದಾಗೇ ಕಟ್ಟಿದ್ದೆ. ಬೇರೆ ಜಾಗ ಇರ್ಲಿಲ್ಲ."

ನಿಂಗಕ್ಕ ಬೆಚ್ಚಿ ಸೊಸೆಯ ಕಡೆ ತಿರುಗಿದಳು. ಒಂದೇ ಸೂರಿನ ಕೆಳಗೆ, ಒಂದೇ ಒಲೆಯ ಮುಂದೆ, ಈ ಹುಡುಗಿಯೂ ತನ್ನ ಹಾಗೇ ಒಂದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗುತ್ತಿದ್ದಳೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ಇಲ್ಲಮ್ಮ," ಎಂದಳು ಡಾಕ್ಟರಮ್ಮ. "ಮಗ್ಗದಿಂದಲ್ಲ, ಸೂಜಿಯಿಂದಲ್ಲ, ನೀವು ಮಾತಾಡಿಸಲಿಲ್ಲ ಅಂತಲೂ ಅಲ್ಲ. ಮಿದುಳು ಬೆಳೆಯೋ ರೀತಿಯೇ ಮೊದಲಿಂದ ಸ್ವಲ್ಪ ಬೇರೆ. ನೀವು ಮಾಡಿದ್ದಲ್ಲ, ಯಾರೂ ಮಾಡಿದ್ದಲ್ಲ. ಈಗ ಮಾಡಬೇಕಾದ್ದು ಬೇಕಾದಷ್ಟಿದೆ. ಹಿಂದಿನಿಂದ ಕರೀಬೇಡಿ. ಅವನು ಎಲ್ಲಿ ನೋಡ್ತಾನೋ ಅಲ್ಲಿಗೆ ನೀವು ಹೋಗಿ ಕೂತ್ಕೊಳ್ಳಿ. ಅಲ್ಲಿಂದ ಶುರುಮಾಡೋಣ." ಆಮೇಲೆ ನಿಂಗಕ್ಕನ ತೊಡೆಯ ಮೇಲಿದ್ದ ಮಗುವನ್ನು ನೋಡಿ, "ಇವಳ ಲಸಿಕೆ ಎಲ್ಲ ಆಗಿದೆ ತಾನೇ? ಮೊಳಕಾಲ್ಮೂರಿನಿಂದ ಬಂದ ದಡಾರದ ಮಗು ಮೇಲಿನ ವಾರ್ಡಿನಲ್ಲಿದೆ," ಎಂದಳು.

ಸೌಂದರ್ಯ ಎಲ್ಲ ಹೇಳಿದಳು, ಗುರುವಾರ ಮಕ್ಕಳಿಬ್ಬರೂ ಜೊತೆಗೆ ಆಡಿದ್ದನ್ನೂ. ಡಾಕ್ಟರಮ್ಮನ ಮುಖ ಗಂಭೀರವಾಯಿತು. ಇವತ್ತೇ ಹಾಕಿಸಿದರೆ ತಡೆಯಬಹುದು, ತಡೆಯದೆಯೂ ಇರಬಹುದು, ಎರಡು ವಾರ ಕಾಯಬೇಕು. ನಾಳೆ ನಾಡಿದ್ದು ಎನ್ನಬೇಡಿ ಎಂದಳು. ಸೌಂದರ್ಯ ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

"ಒಂದ್ ಗಳಿಗೆ ಬಂದೆ," ಎಂದು ನಿಂಗಕ್ಕ ಮಗುವನ್ನು ಸೊಸೆಯ ಕೈಗೆ ಕೊಟ್ಟು ಹೊರಗೆ ಬಂದುಬಿಟ್ಟಳು.

ಸೂಜಿಯಲ್ಲದಿದ್ದರೆ ಇನ್ನೇನು? ಉಳಿದದ್ದು ಗ್ರಹಣ. ಯಾರೂ ಮಾಡಿದ್ದಲ್ಲ ಎಂದು ಡಾಕ್ಟರಮ್ಮ ಹೇಳಿದ್ದು ನಿಂಗಕ್ಕನ ಕಿವಿಗೆ ಬಿದ್ದಿತ್ತು, ಎದೆಗೆ ಇಳಿದಿರಲಿಲ್ಲ. ಡಾಕ್ಟರಮ್ಮನಿಗೆ ಗಂಟಿನ ವಿಷಯ ಗೊತ್ತಿಲ್ಲವಲ್ಲ. ಮೆಟ್ಟಿಲ ಕಟಕಟೆ ಹಿಡಿದು ಶಿಫಾ ಇದ್ದ ಮೇಲಿನ ವಾರ್ಡಿಗೆ ಹತ್ತಿದಳು.

ನೂರ್ ಬೀ ಒಂದು ಮುಚ್ಚಿದ ಬಾಗಿಲ ಮುಂದಿನ ಬೆಂಚಿನ ಮೇಲೆ ಜಪಮಣಿ ಹಿಡಿದು ಕೂತಿದ್ದಳು. ಬಾಗಿಲ ಗಾಜಿನೊಳಗೆ ಶಿಫಾ ಕಾಣುತ್ತಿದ್ದಳು, ಮೂಗಿಗೆ ನಳಿಗೆ ಹಾಕಿದ್ದರು, ಪಕ್ಕೆಲುಬು ಮೇಲೆ ಕೆಳಗೆ ಆಗುತ್ತಿತ್ತು. ಮುಸರತ್ ಮಂಚದ ಅಂಚಿಗೆ ತಲೆಯಿಟ್ಟು ಕೂತಲ್ಲೇ ನಿದ್ದೆ ಹೋಗಿದ್ದಳು. ದಡಾರ ಎದೆಗೆ ಇಳಿದಿದೆ, ನಾಳೆಯವರೆಗೆ ಏನೂ ಹೇಳಲಾಗದು ಎಂದಿದ್ದಾರೆಂದು ನೂರ್ ಬೀ ಹೇಳಿದಳು. ಆಮೇಲೆ ನಿಂಗಕ್ಕನ ಕೈ ಹಿಡಿದುಕೊಂಡಳು.

"ಏನಾದ್ರೂ ಆಗ್ಲಕ್ಕ, ನೀನು ಹೇಳಿದ್ದಕ್ಕೆ ಸೂಜಿ ಹಾಕಿಸ್ಲಿಲ್ಲ. ದಡಾರ ಇವತ್ತು ಬರ್ತದೆ, ನಾಳೆ ಹೋಗ್ತದೆ. ಬಾಯಿ ಹೋದ್ರೆ ಬರ್ತದಾ? ನಿನ್ನ ಹೆಸರಿಗೆ ದುವಾ ಮಾಡ್ತೀನಿ."

ಬೈದಿದ್ದರೆ ನಿಂಗಕ್ಕ ತಡೆದುಕೊಳ್ಳುತ್ತಿದ್ದಳು. ಬೈಗುಳಕ್ಕೆ ಅವಳ ಹತ್ತಿರ ಯಾವಾಗಲೂ ಉತ್ತರವಿತ್ತು. ಈ ಕೈಯ ಬಿಸಿ ಮಾತ್ರ ತಡೆಯಲಾಗಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು. ನೂರ್ ಬೀಗೆ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ. ಗಾಜಿನೊಳಗೆ ಪಕ್ಕೆಲುಬು ಇನ್ನೊಮ್ಮೆ ಒಳಗೆ ಹೋಯಿತು.

"ನೂರ್ ಬೀ," ಎಂದಳು. "ಸೂಜಿಗೂ ನಮ್ ಮಾರುತಿಗೂ ಸಂಬಂಧ ಇಲ್ಲ. ಅದಕ್ಕೆ ಮುಂಚಿಂದ್ಲೂ ಅವ್ನು ಹಂಗೇ ಇದ್ದ. ನಂಗೆ ಗೊತ್ತಿತ್ತು."

ನೂರ್ ಬೀಯ ಇನ್ನೊಂದು ಕೈಯಲ್ಲಿ ಜಪಮಣಿ ನಿಂತಿತು. "ಗೊತ್ತಿತ್ತಾ?"

"ಗೊತ್ತಿತ್ತು."

ನೂರ್ ಬೀ ಕೈ ಬಿಟ್ಟಳು. ಬಿಟ್ಟ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಹೋಗಕ್ಕ ನೀನು," ಎಂದಳು ಸಣ್ಣ ದನಿಯಲ್ಲಿ. "ಮುಸರತ್ ಏಳೋದ್ರೊಳಗೆ ಹೋಗು. ಅವ್ಳಿಗೆ ಈಗ ಹೇಳಬ್ಯಾಡ." ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕೆಳಗೆ ಸೌಂದರ್ಯ ಲಸಿಕೆಯ ಕೋಣೆಯ ಮುಂದೆ ಮಕ್ಕಳಿಬ್ಬರನ್ನೂ ಹಿಡಿದುಕೊಂಡು ಕೂತಿದ್ದಳು. ಅತ್ತೆಯ ಮುಖ ನೋಡಿ ಸರಿದು ಜಾಗ ಮಾಡಿದಳು. ನಿಂಗಕ್ಕ ಪಕ್ಕದಲ್ಲಿ ಕುಸಿದು ಕೂತಳು.

"ಹಾಕ್ಸು," ಎಂದಳು. "ಹಾಕ್ಸಿಬಿಡು. ಆದ್ರೆ ಅದಕ್ಕೆ ಮುಂಚೆ ಒಂದು ಮಾತು ಕೇಳು. ಕೇಳಿದ ಮೇಲೆ ನನ್ನ ಮುಖ ನೋಡದಿದ್ರೂ ಸರಿ."

ಗ್ರಹಣದ ಸಂಜೆ, ಬಾಗಿಲು, ಬಲ್ಬು, ಮೂರು ಸಾವಿರ ಎಳೆ, ತನ್ನ ಅತ್ತೆ ಹೇಳುತ್ತಿದ್ದ ಮಾತು, ಎಲ್ಲವನ್ನೂ ನೆಲ ನೋಡುತ್ತ ಹೇಳಿದಳು. "ನಿನ್ನ ಕೈಲಿ ನಾನೇ ಗಂಟು ಹಾಕಿಸ್ದೆ. ಆ ಗಂಟೇ ಕೂಸಿನ ನಾಲಿಗೆಗೆ ಬಿತ್ತು. ಸೂಜಿ ಗೀಜಿ ಏನಲ್ಲ, ನಾನು."

ಸೌಂದರ್ಯ ಮಗುವನ್ನು ಇನ್ನೊಂದು ತೊಡೆಗೆ ಸರಿಸಿಕೊಂಡಳು. ಆಮೇಲೆ ಎಂದಳು: "ಅತ್ತೆ, ಅವತ್ತು ನಾನು ಒಂದು ಗಂಟೂ ಹಾಕ್ಲಿಲ್ಲರಿ."

ನಿಂಗಕ್ಕ ತಲೆಯೆತ್ತಿದಳು.

"ನಮ್ಮವ್ವ ಫೋನ್ ಮಾಡಿ, ಎಳೆ ಮುಟ್ಟಿದ್ರೆ ನನ್ನ ಹೆಣ ನೋಡ್ತೀಯ ಅಂದಿದ್ಲು. ನಿಮ್ಗೆ ಹೇಳಾಕೆ ಹೆದ್ರಿಕೆ. ಅದಕ್ಕೆ ನಿಮ್ಮ ಮಗನೇ ಬಾಗ್ಲು ಹಾಕ್ಕೊಂಡು ಕೂತು ಎಲ್ಲಾ ಎಳೆ ಕೆಚ್ಚಿದ್ರು. ಬೆಳಗಿನ ಜಾವದ ತನಕ. ನಾನು ಗ್ರಹಣ ಹಿಡಿದಾಗಿಂದ ಕಾಲು ಚಾಚಿ ಮಲಗಿದ್ದೆ. ಒಂದು ಮಗ್ಗುಲಿಗೂ ತಿರುಗ್ಲಿಲ್ಲ. ಹೊಟ್ಟೆ ಮೇಲೆ ದರ್ಭೆ ಇಟ್ಕೊಂಡಿದ್ದೆ. ಬೆಳಿಗ್ಗೆ ನೀವು ಹೆಣ್ಣಿನ ಕೈ ಅಂತ ಹೊಗಳಿದ್ರಿ, ಇಬ್ರಿಗೂ ನಗು ಬಂತು. ಆಮೇಲೆ ಹೇಳಾಕೆ ಆಗ್ಲೇ ಇಲ್ಲ."

"ಮುರುಗೇಶ ಕೆಚ್ಚಿದ್ನಾ?"

"ಹೂಂ. ನೇಮ ಒಂದೂ ತಪ್ಪಿರ್ಲಿಲ್ಲ ಅತ್ತೆ. ಎಲ್ಲಾ ಪಾಲಿಸಿದ್ದೆ."

"ಮತ್ಯಾಕೆ ಹಿಂಗಾತು?"

"ಯಾಕೂ ಅಲ್ಲ ಅಂತ ಡಾಕ್ಟ್ರು ಹೇಳಿದ್ರಲ್ಲ."

ನಿಂಗಕ್ಕನಿಗೆ ಎದೆ ಹಗುರಾಗಬೇಕಿತ್ತು. ಎರಡು ವರ್ಷದಿಂದ ಹೊತ್ತದ್ದು ಕೆಳಗಿಳಿದಿತ್ತು. ಆದರೆ ಇಳಿದ ಜಾಗದಲ್ಲೇ ಇನ್ನೊಂದು ಬಂದು ಕೂತಿತು. ಇದು ಅವಳದೇ ಕೈಕೆಲಸ, ಬೇರೆ ಯಾರ ಹೆಸರಿಗೂ ಹಾಕುವಂತಿರಲಿಲ್ಲ. ನಡೆಯದೇ ಇದ್ದ ತಪ್ಪೊಂದನ್ನು ಮುಚ್ಚಲು ತಾನು ಕಥೆ ಕಟ್ಟಿದೆ. ಆ ಕಥೆ ನಂಬಿದವರ ಮಗು ಮೇಲಿನ ಕೋಣೆಯಲ್ಲಿ ಉಸಿರಿಗೆ ಒದ್ದಾಡುತ್ತಿದೆ. ಅವಳು ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಆಸ್ಪತ್ರೆಯಲ್ಲಿ ಅಳುವವರನ್ನು ಯಾರೂ ತಿರುಗಿ ನೋಡುವುದಿಲ್ಲ. ಮಾರುತಿ ಮಾತ್ರ ಅವಳ ಬಳೆ ಅಲುಗುವುದನ್ನೇ ನೋಡುತ್ತ ನಿಂತಿದ್ದ.

ತೇಜಶ್ರೀಗೆ ಸೂಜಿ ಹಾಕುವಾಗ ನಿಂಗಕ್ಕನೇ ಅವಳನ್ನು ತೊಡೆಯ ಮೇಲೆ ಹಿಡಿದಳು.

ಮುಂದಿನ ದಿನಗಳನ್ನು ನಿಂಗಕ್ಕ ಎಣಿಸಿಕೊಂಡು ಕಳೆದಳು. ಬೆಳಿಗ್ಗೆ ಎದ್ದ ಕೂಡಲೇ ಮಗುವಿನ ಕಿವಿಯ ಹಿಂದೆ, ಹಣೆಯ ಕೂದಲ ಬುಡದಲ್ಲಿ, ಕಣ್ಣಿನ ಅಂಚಿನಲ್ಲಿ ನೋಡುವಳು. ಒಂದು ದಿನ ಮಗುವಿನ ಮೈ ಬೆಚ್ಚಗಾಯಿತು, ಮರುದಿನ ಇಳಿಯಿತು. ಮುರುಗೇಶನನ್ನು ಅವಳು ಏನೂ ಕೇಳಲಿಲ್ಲ. ಅವನ ಬಾಳೆಕಾಯಿ ಬೆರಳುಗಳನ್ನು ಮಾತ್ರ ಊಟಕ್ಕೆ ಬಡಿಸುವಾಗ ನೋಡಿದಳು. ನಾಲ್ಕನೇ ದಿನ ಶಿಫಾ ಕಣ್ಣು ಬಿಟ್ಟಿದ್ದಾಳೆ, ಹಾಲು ಕುಡಿದಳಂತೆ ಎಂದು ಇಮ್ರಾನ್ ಗ್ಯಾರೇಜಿನಲ್ಲಿ ಯಾರಿಗೋ ಹೇಳಿದ ಸುದ್ದಿ ಸುತ್ತಿ ಬಂತು. ನೇರವಾಗಿ ಯಾರೂ ಹೇಳಲಿಲ್ಲ.

ಐದನೇ ದಿನ ಗುರುವಾರ. ಜ್ಯೋತಿಲಕ್ಷ್ಮಿ ಪಟ್ಟಿ ಹಿಡಿದು ಬೀದಿಯ ತಲೆಯಲ್ಲಿ ಕಾಣಿಸಿದಾಗ ನಿಂಗಕ್ಕ ಚಪ್ಪಲಿ ಮೆಟ್ಟಿ ಕೆಳಗಿಳಿದಳು. "ನಡಿಯವ್ವ, ನಾನೂ ಬರ್ತೀನಿ," ಎಂದಳು. ನಿಂಗಕ್ಕ ಜಗಳಕ್ಕೆ ಬಂದಳೆಂದೇ ತಿಳಿದು ಜ್ಯೋತಿಲಕ್ಷ್ಮಿ ಒಂದು ಹೆಜ್ಜೆ ಹಿಂದೆ ಸರಿದಳು.

ಆರು ಮನೆಗಳ ಹೊಸ್ತಿಲಲ್ಲೂ ನಿಂಗಕ್ಕ ಒಂದೇ ಮಾತು ಹೇಳಿದಳು: ಮಾರುತಿ ಸೂಜಿಗೆ ಮುಂಚೆ ಮಾತಾಡುತ್ತಿರಲಿಲ್ಲ, ಎಮ್ಮೆಯ ಹೆಸರೂ ಇಲ್ಲ ಅವ್ವನ ಹೆಸರೂ ಇಲ್ಲ, ನಾನು ಹೇಳಿದ್ದು ಸುಳ್ಳು. ಚೆಂದ ಮಾಡಿ ಹೇಳಲು ಅವಳಿಗೆ ಬರುತ್ತಿತ್ತು, ಈ ಸಲ ಮಾಡಲಿಲ್ಲ. ಒಂದು ಮನೆಯ ದುರುಗಕ್ಕ, "ಸೂಜಿ ಅಲ್ದಿದ್ರೆ ಮತ್ತೇನಮ್ಮ ಆಗಿದ್ದು?" ಎಂದು ಅನುಮಾನದಿಂದ ಕೇಳಿದಳು. ಏನೂ ಆಗಿಲ್ಲ, ಅವನು ಹುಟ್ಟಿದ್ದೇ ಹಾಗೆ ಎಂದಳು ನಿಂಗಕ್ಕ. ಇನ್ನೊಂದು ಮನೆಯ ಬೊಮ್ಮಕ್ಕ ಬಾಗಿಲಲ್ಲೇ ಬೈದಳು. ಆ ಬೈಗುಳಕ್ಕೂ ಉತ್ತರ ಕೊಡಲಿಲ್ಲ. ಆರರಲ್ಲಿ ಮೂರು ಮನೆಯವರು ಮಕ್ಕಳನ್ನು ಎತ್ತಿಕೊಂಡು ಅಂಗನವಾಡಿಗೆ ಬಂದರು. ಉಳಿದವರು ಬರಲಿಲ್ಲ. ಹಳೆಯ ಕಥೆಯನ್ನು ಅವಳು ಅಷ್ಟು ಚೆನ್ನಾಗಿ ಹೇಳಿದ್ದಳು.

ಒಂಬತ್ತನೇ ದಿನ ಶಿಫಾ ಮನೆಗೆ ಬಂದಳು, ಮೂಳೆ ಚಕ್ಕಳವಾಗಿ. ನೂರ್ ಬೀ ಎದುರುಮನೆಯ ಕಡೆ ನೋಡದೆ ಒಳಗೆ ಹೋದಳು. ನಿಂಗಕ್ಕ ಕಾಫಿಪುಡಿಯ ಲೋಟ ತುಂಬಿ ಅವರ ಜಗಲಿಯ ಮೇಲಿಟ್ಟು ಬಂದಳು. ಅದು ಸಂಜೆಯವರೆಗೂ ಅಲ್ಲೇ ಇತ್ತು.

ಎರಡು ವಾರ ತುಂಬಿದ ಬೆಳಿಗ್ಗೆ ಮಗುವಿನ ಮೈಮೇಲೆ ಒಂದು ಗಂದೆಯೂ ಇರಲಿಲ್ಲ. ಸೌಂದರ್ಯ ದೀಪ ಹಚ್ಚಿದಳು. ನಿಂಗಕ್ಕ ಜಗಲಿಯ ಮೇಲೆ ರಾಟೆ ಮುಂದಿಟ್ಟುಕೊಂಡು ಕೂತಳು. ತೇಜಶ್ರೀ ಅವಳಿಗೆ ಬೆನ್ನು ಮಾಡಿ ಖಾಲಿ ಕಂಡಿಕೆಗಳ ಜೊತೆ ಆಡುತ್ತಿದ್ದಳು. ಬೇಡ ಬೇಡ ಎಂದುಕೊಳ್ಳುತ್ತಲೇ ನಿಂಗಕ್ಕ ಹಿಂದಿನಿಂದ ಸಣ್ಣಗೆ ಕರೆದಳು: "ತೇಜಶ್ರೀ."

ಮಗು ತಿರುಗಿ ನೋಡಿ ಎರಡು ಹಲ್ಲು ತೋರಿಸಿ ನಕ್ಕಿತು. ನಿಂಗಕ್ಕನಿಗೆ ಸಂತೋಷವಾಯಿತು, ಆ ಸಂತೋಷಕ್ಕೇ ನಾಚಿಕೆಯಾಯಿತು. ಒಂದು ಗೇಣು ದೂರದಲ್ಲಿ ಮಾರುತಿ ರಾಟೆಯ ಚಕ್ರ ಶುರುವಾಗುವುದನ್ನೇ ಕಾಯುತ್ತ ಕೂತಿದ್ದ.

"ಮಾರುತೀ," ಎಂದಳು. ಅವನು ತಿರುಗಲಿಲ್ಲ.

ನಿಂಗಕ್ಕ ಮಂಡಿಗೆ ಕೈಯೂರಿ ಎದ್ದಳು. ರಾಟೆಯನ್ನು ಸುತ್ತಿ ಹೋಗಿ ಆಚೆ ಬದಿಗೆ, ಚಕ್ರದ ಕಡ್ಡಿಗಳ ನಡುವೆ ಅವನ ಕಣ್ಣು ಬೀಳುವ ಕಡೆ, ನೆಲಕ್ಕೆ ಕೂತಳು. ಅಲ್ಲಿಂದ ಎಡಗೈಯಲ್ಲಿ ಹಿಡಿಕೆ ತಿರುಗಿಸಲು ಕಷ್ಟವಾಯಿತು. ಎಳೆ ಎರಡು ಸಲ ಹರಿಯಿತು. ಅವಳು ಗಂಟು ಹಾಕಿ ಮತ್ತೆ ತಿರುಗಿಸಿದಳು.